ಪಾಡ್ ಮೆಷಿನ್ ಕಾಫಿಗೆ ರುಚಿ ಬರಬೇಕಾದರೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪಾಡ್ ಅಥವಾ ಕ್ಯಾಪ್ಸೂಲ್ (ಕಾಫಿಪುಡಿ ತುಂಬಿದ ಪುಟ್ಟ ಡಬ್ಬಿ) ಹಾಕಿ ಗುಂಡಿ ಒತ್ತಿದರೆ ಒಂದೇ ಕಪ್ ಕಾಫಿ ಇಳಿಸುವ ಮೆಷಿನ್‌ಗಳ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಆರನ್ನು ಇಲ್ಲಿ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ದೊಡ್ಡ ಕಪ್‌ನ ಗುಂಡಿ ಒತ್ತಿದರೆ ಕಾಫಿ ನೀರುನೀರಾಗಿ ಬರುತ್ತದೆ. ಆದರೂ ಕುಡಿದ ಮೇಲೆ ನಾಲಿಗೆಯಲ್ಲಿ ಕಹಿ ಉಳಿಯುತ್ತದೆ. ತೆಳ್ಳಗಿನ ಕಾಫಿ ಕಹಿಯಾಗುವುದು ಹೇಗೆ? ಮೂರು ಬಗೆಯ ಪಾಡ್ ಬದಲಿಸಿ ನೋಡಿದ್ದಾಯಿತು.

ಉತ್ತರ: ಪಾಡ್ ಬದಲಿಸಿದ್ದು ಸಾಕು, ಈಗ ಗುಂಡಿ ಬದಲಿಸಿ. ಕ್ಯೂರಿಗ್ ಕಂಪನಿಯ ಮಾದರಿಯ ಪಾಡ್‌ನಲ್ಲಿ ಸಾಮಾನ್ಯವಾಗಿ 9ರಿಂದ 12 ಗ್ರಾಂ ಪುಡಿ ಇರುತ್ತದೆ. ನೀವು ಯಾವ ಗುಂಡಿ ಒತ್ತಿದರೂ ಪುಡಿ ಅಷ್ಟೇ, ಹೆಚ್ಚುವುದು ನೀರು ಮಾತ್ರ. 10 ಗ್ರಾಂ ಪುಡಿಯ ಮೇಲೆ 6 ಔನ್ಸ್, ಅಂದರೆ ಸುಮಾರು 180 ಮಿ.ಲೀ. ನೀರು ಹಾಯ್ದರೆ ಗ್ರಾಂ ಪುಡಿಗೆ 18 ಮಿ.ಲೀ. ಬಿದ್ದಂತಾಯಿತು. ಲೀಟರ್ ನೀರಿಗೆ 55 ಗ್ರಾಂ ಪುಡಿ ಎಂದು ಕಾಫಿ ಬಲ್ಲವರು ಬಹುಕಾಲದಿಂದ ಹಿಡಿದುಕೊಂಡು ಬಂದ ಲೆಕ್ಕಕ್ಕೆ ಇದು ಸರಿಯಾಗಿ ಕೂರುತ್ತದೆ. ಅದೇ ಪಾಡ್‌ಗೆ 10 ಔನ್ಸ್ ಗುಂಡಿ ಒತ್ತಿದರೆ ಸುಮಾರು 300 ಮಿ.ಲೀ., ಅಂದರೆ ಗ್ರಾಂಗೆ 30 ಮಿ.ಲೀ. ಅಲ್ಲಿಗೆ ಹದ ತಪ್ಪಿತು.

ಕಹಿ ಎಲ್ಲಿಂದ ಬಂತು ಎಂದು ಕಣ್ಣಾರೆ ನೋಡಬೇಕೆಂದರೆ ಮೂರು ಕಪ್ ಇಟ್ಟುಕೊಳ್ಳಿ. ದೊಡ್ಡ ಗುಂಡಿ ಒತ್ತಿ, ಧಾರೆ ಬೀಳುತ್ತಿರುವಾಗಲೇ ಕೈ ಸುಡದಂತೆ ಕಪ್ ಸರಿಸುತ್ತಾ ಮೂರು ಪಾಲು ಹಿಡಿಯಿರಿ. ಮೊದಲನೆಯದು ಕಡುಗಪ್ಪು, ಮಂದ. ಘಮ, ಹುಳಿ, ಸಿಹಿ ಎಲ್ಲ ಬಹುಪಾಲು ಅದರಲ್ಲೇ ಇಳಿದಿರುತ್ತದೆ. ಎರಡನೆಯದು ತಿಳಿಗಂದು. ಮೂರನೆಯದು ಹುಲ್ಲು ನೆನೆಸಿದ ನೀರಿನ ಬಣ್ಣಕ್ಕೆ ಬಂದಿರುತ್ತದೆ. ಅದನ್ನೊಂದನ್ನೇ ಗುಟುಕರಿಸಿ ನೋಡಿ: ಒಗರು, ಕಹಿ, ಒದ್ದೆ ಕಟ್ಟಿಗೆಯ ವಾಸನೆ. ಬೇಗ ಕರಗುವ ಒಳ್ಳೆಯ ಅಂಶಗಳು ಮೊದಲೇ ಇಳಿದುಹೋಗಿ, ನಿಧಾನವಾಗಿ ಬಿಡುವ ಕಹಿ ಮಾತ್ರ ಕೊನೆಯ ನೀರಿಗೆ ಸಿಕ್ಕಿರುತ್ತದೆ. ನಿಮ್ಮ ದೊಡ್ಡ ಕಪ್‌ನಲ್ಲಿ ಇವು ಮೂರೂ ಸೇರಿರುತ್ತವೆ.

ಹಾಗಾಗಿ ಯಾವಾಗಲೂ ಅತಿ ಚಿಕ್ಕ ಅಳತೆಯ ಗುಂಡಿ. ಕಪ್ ತುಂಬ ಬೇಕೇ ಬೇಕು ಎನ್ನುವವರು ಚಿಕ್ಕ ಅಳತೆಯಲ್ಲಿ ಇಳಿಸಿಕೊಂಡು, ಪಾಡ್ ತೆಗೆದುಹಾಕಿ, ಬರೀ ಬಿಸಿನೀರು 40–50 ಮಿ.ಲೀ. ಬೆರೆಸಿಕೊಳ್ಳಿ. ಕಾಫಿ ತೆಳುವಾದೀತು, ಆದರೆ ಕಹಿಯಾಗುವುದಿಲ್ಲ. ಮೆಷಿನ್‌ನಲ್ಲಿ 'ಸ್ಟ್ರಾಂಗ್' ಗುಂಡಿ ಇದ್ದರೆ ಬಳಸಬಹುದು. ಅದು ನೀರನ್ನು ನಿಧಾನಿಸಿ ಹಾಯಿಸುತ್ತದೆಯೇ ಹೊರತು ಪುಡಿ ಹೆಚ್ಚಿಸುವುದಿಲ್ಲ ಎಂಬುದು ನೆನಪಿರಲಿ.

ನೆಸ್ಪ್ರೆಸೊ ಕಂಪನಿಯ ಮಾದರಿಯ ಚಿಕ್ಕ ಕ್ಯಾಪ್ಸೂಲ್‌ಗೂ ಇದೇ ಮಾತು. ಅದರಲ್ಲಿರುವುದು 5–6 ಗ್ರಾಂ ಪುಡಿ, ಎಸ್ಪ್ರೆಸೊ (ಚಿಕ್ಕ, ಗಟ್ಟಿ ಕಾಫಿ) ಅಳತೆ 40 ಮಿ.ಲೀ. 110 ಮಿ.ಲೀ.ನ ಲುಂಗೊಗೆ (ಹೆಚ್ಚು ನೀರು ಹಾಯಿಸಿದ ದೊಡ್ಡ ಕಾಫಿ) ಬೇರೆಯೇ ಕ್ಯಾಪ್ಸೂಲ್ ಇವೆ. ಎಸ್ಪ್ರೆಸೊ ಕ್ಯಾಪ್ಸೂಲ್‌ಗೆ ಲುಂಗೊ ಗುಂಡಿ ಒತ್ತಬೇಡಿ. ಇನ್ನೊಂದು ಸಂಗತಿ ಅನೇಕರಿಗೆ ಗೊತ್ತಿರುವುದಿಲ್ಲ: ಇಂಥ ಹಲವು ಮೆಷಿನ್‌ಗಳಲ್ಲಿ ಗುಂಡಿಯನ್ನು ಒತ್ತಿಹಿಡಿದರೆ ಆ ಹೊಸ ಅಳತೆಯನ್ನೇ ಅದು ನೆನಪಿಟ್ಟುಕೊಳ್ಳುತ್ತದೆ. ಮನೆಯಲ್ಲಿ ಯಾರೋ ಒಮ್ಮೆ ಹಾಗೆ ಮಾಡಿದ್ದರೆ ಅಂದಿನಿಂದ ಎಲ್ಲರ ಕಾಫಿಯೂ ತೆಳು. ಕಾಫಿ ಇಳಿದ ಕಪ್ಪನ್ನು ಅಡುಗೆಯ ಡಿಜಿಟಲ್ ತಕ್ಕಡಿಯ ಮೇಲಿಟ್ಟು, ಖಾಲಿ ಕಪ್ಪಿನ ತೂಕ ಕಳೆದು ಒಮ್ಮೆ ನೋಡಿ. 40 ಗ್ರಾಂ ಆಸುಪಾಸು ಬರಬೇಕಾದಲ್ಲಿ 70 ಬಂದರೆ ಕೈಪಿಡಿ ನೋಡಿ ಅಳತೆಯನ್ನು ಮತ್ತೆ ಹೊಂದಿಸಿ.

ಪ್ರಶ್ನೆ: ಬೆಳಗಿನ ಮೊದಲ ಕಪ್ ಉಗುರುಬೆಚ್ಚಗೆ, ಸಪ್ಪೆ. ಎರಡನೆಯದು ಚೆನ್ನಾಗಿರುತ್ತದೆ. ಯಾಕೆ?

ಉತ್ತರ: ರಾತ್ರಿಯಿಡೀ ತಣ್ಣಗಿದ್ದ ಕೊಳವೆ, ಸೂಜಿ, ಪಾಡ್ ಕೂರುವ ಗೂಡು ಎಲ್ಲ ಸೇರಿ ಮೊದಲ ನೀರಿನ ಬಿಸಿ ಕುಡಿದುಬಿಡುತ್ತವೆ. ಪುಡಿಗೆ ತಗಲುವ ನೀರು 90ರಿಂದ 96 ಡಿಗ್ರಿ ಸೆಲ್ಸಿಯಸ್ ಇದ್ದರೆ ಸತ್ವ ಚೆನ್ನಾಗಿ ಇಳಿಯುತ್ತದೆ. ಅದಕ್ಕಿಂತ ತೀರ ಕಡಿಮೆಯಾದರೆ ಹುಳಿ ಎದ್ದುಕಾಣುತ್ತದೆ, ಗಟ್ಟಿತನ ಇರುವುದಿಲ್ಲ. ಪಾಡ್ ಹಾಕದೆ ಒಂದು ಸಲ ಬರೀ ನೀರು ಓಡಿಸಿ, ಆ ನೀರನ್ನು ನೀವು ಕುಡಿಯುವ ಕಪ್ಪಿಗೇ ಹಿಡಿಯಿರಿ. ಅರ್ಧ ನಿಮಿಷ ಬಿಟ್ಟು ಚೆಲ್ಲಿ, ತಕ್ಷಣ ಪಾಡ್ ಹಾಕಿ. ಮೆಷಿನ್ನೂ ಕಾಯಿತು, ಕಪ್ಪೂ ಕಾಯಿತು. ದಪ್ಪ ಪಿಂಗಾಣಿ ಕಪ್ ತಣ್ಣಗಿದ್ದರೆ ಅದೊಂದೇ ಕಾಫಿಯ ಬಿಸಿಯನ್ನು ಹತ್ತು-ಹದಿನೈದು ಡಿಗ್ರಿ ಇಳಿಸಬಲ್ಲದು.

ಪ್ರಶ್ನೆ: ನಮ್ಮಿಷ್ಟದ ಪುಡಿ ಬಳಸೋಣವೆಂದು ಮತ್ತೆ ಮತ್ತೆ ತುಂಬಿಸುವ ಪಾಡ್ ತಂದೆವು. ಒಮ್ಮೆ ಬಣ್ಣದ ನೀರು ಬರುತ್ತದೆ, ಇನ್ನೊಮ್ಮೆ ನೀರು ಇಳಿಯದೆ ಮುಚ್ಚಳದ ಸುತ್ತ ಚರಟ ಉಕ್ಕುತ್ತದೆ. ಪುಡಿ ಎಷ್ಟು, ಹೇಗಿರಬೇಕು?

ಉತ್ತರ: ಎರಡೂ ತೊಂದರೆಗೆ ಪುಡಿಯ ತರಿಯೇ ಮೂಲ. ತೀರ ತರಿಯಾದರೆ ನೀರು ತಡೆಯಿಲ್ಲದೆ ಓಡಿಹೋಗುತ್ತದೆ. ಹಿಟ್ಟಿನಂತೆ ನುಣ್ಣಗಾದರೆ ಜರಡಿಯ ಕಣ್ಣು ಕಟ್ಟಿ, ಒತ್ತಡ ಹೆಚ್ಚಿ, ನೀರು ಮೇಲಿನಿಂದ ದಾರಿ ಮಾಡಿಕೊಳ್ಳುತ್ತದೆ. ಜರಡಿ ಇರುವ ದೊಡ್ಡ ಪಾಡ್‌ಗೆ ಬೆರಳಲ್ಲಿ ಉಜ್ಜಿದಾಗ ಪುಡಿಯುಪ್ಪಿಗಿಂತ ತುಸು ತರಿ ಎನಿಸುವ ಪುಡಿಯಿಂದ ಶುರು ಮಾಡಿ. ಕಾಫಿ ಸಪ್ಪೆಯಾದರೆ ಒಂದು ಹಂತ ನುಣ್ಣಗೆ, ಉಕ್ಕಿದರೆ ಒಂದು ಹಂತ ತರಿ. ಪ್ರಮಾಣ 10–11 ಗ್ರಾಂ. ಚಮಚದ ಅಳತೆ ನಂಬಬೇಡಿ, ಹುರಿದ ಹದಕ್ಕೆ ತಕ್ಕಂತೆ ಒಂದೇ ಚಮಚದ ತೂಕ ಬದಲಾಗುತ್ತದೆ.

ಪುಡಿ ಹಾಕಿ ಪಾಡನ್ನು ಮೇಜಿಗೆ ಎರಡು ಸಲ ಮೆಲ್ಲಗೆ ತಟ್ಟಿ ಸಮ ಮಾಡಿ. ಒತ್ತಿ ತುಂಬಬೇಡಿ. ಒದ್ದೆಯಾದ ಪುಡಿ ಉಬ್ಬುತ್ತದೆ, ಅದಕ್ಕೆ ಮೇಲೆ ಅರ್ಧ ಸೆಂಟಿಮೀಟರಿನಷ್ಟು ಜಾಗ ಬೇಕು. ಅಂಚಿಗೆ ಹತ್ತಿದ ಪುಡಿಯನ್ನು ಬೆರಳಿಂದ ಒರೆಸಿಯೇ ಮುಚ್ಚಳ ಹಾಕಿ. ರಬ್ಬರ್ ವಾಷರಿನ ಕೆಳಗೆ ನಾಲ್ಕು ಕಾಳು ಸಿಕ್ಕಿದರೂ ಸಾಕು, ನೀರು ಅಲ್ಲಿಂದಲೇ ಸೋರುತ್ತದೆ. ಬಳಸಿದ ಪಾಡನ್ನು ಆಗಲೇ ತೊಳೆದು, ಜರಡಿಯನ್ನು ಬೆಳಕಿಗೆ ಹಿಡಿದು ನೋಡಿ. ಕಣ್ಣು ಮಂಕಾಗಿದ್ದರೆ ಅದು ಕಾಫಿಯ ಎಣ್ಣೆ. ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಮೃದುವಾದ ಬ್ರಷ್ ಸಾಕು. ನಾಳೆಗೆಂದು ಹಿಂದಿನ ರಾತ್ರಿಯೇ ಪಾಡ್ ತುಂಬಿಡುವ ಅಭ್ಯಾಸವಿದ್ದರೆ ಬಿಡಿ. ಪುಡಿಯ ಘಮ ಗಾಳಿಗೆ ಹೋಗುತ್ತದೆ.

ಪ್ರಶ್ನೆ: ಟ್ಯಾಂಕಿಗೆ ಆರ್‌ಓ ನೀರು ಹಾಕಬಹುದೇ?

ಉತ್ತರ: ಹಾಕಬಹುದು, ಸುಣ್ಣ ಕಟ್ಟುವುದು ಕಡಿಮೆಯಾಗುತ್ತದೆ. ಆದರೆ ಖನಿಜಾಂಶ ತೀರ ಕಡಿಮೆ ಇರುವ ನೀರಿನಲ್ಲಿ ಕಾಫಿ ಚಪ್ಪಟೆ ಎನಿಸುತ್ತದೆ. ಗಡಸು ನೀರಿನಲ್ಲಿ ಹುಳಿಯ ಚುರುಕು ಮಾಯವಾಗಿ ಮಂಕಾಗುತ್ತದೆ. ನೀರಿನಲ್ಲಿ ಕರಗಿದ ಖನಿಜಾಂಶ ಅಳೆಯುವ ಟಿಡಿಎಸ್ ಮೀಟರ್ ಇದ್ದರೆ 75ರಿಂದ 250 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಒಳಗೆ, ಸಾಧ್ಯವಾದರೆ 150ರ ಹತ್ತಿರ ಬರುವಂತೆ ಆರ್‌ಓ ನೀರಿಗೆ ಕುಡಿಯಲು ಯೋಗ್ಯವಾದ ಬೇರೆ ನೀರು ಬೆರೆಸಿ. ಎರಡು ದಿನ ನಿಂತ ನೀರನ್ನು ಮಾತ್ರ ಚೆಲ್ಲಿಬಿಡಿ.

ಪ್ರಶ್ನೆ: ಮೊದಲು ಕಪ್ ತುಂಬುತ್ತಿತ್ತು. ಈಗ ಅರ್ಧ ಕಪ್ ಬಂದು, ಕೆಮ್ಮಿದ ಹಾಗೆ ಸದ್ದು ಮಾಡಿ ನಿಲ್ಲುತ್ತದೆ. ಮೆಷಿನ್ ಹಾಳಾಯಿತೇ?

ಉತ್ತರ: ಹೆಚ್ಚಾಗಿ ಇಲ್ಲ. ಮೊದಲು ಪಾಡ್ ಚುಚ್ಚುವ ಸೂಜಿ ನೋಡಿ. ಪ್ಲಗ್ ತೆಗೆದು, ಮೆಷಿನ್ ಆರಿದ ಮೇಲೆ, ಬಿಡಿಸಿದ ಪೇಪರ್ ಕ್ಲಿಪ್ಪನ್ನು ಸೂಜಿಯ ತೂತುಗಳಲ್ಲಿ ಮೆಲ್ಲಗೆ ಆಡಿಸಿ. ಮೇಲೊಂದು, ಕೆಳಗೊಂದು ಸೂಜಿ ಇದ್ದರೆ ಎರಡನ್ನೂ ನೋಡಿ. ತುದಿ ಬಹಳ ಹರಿತ, ಬೆರಳು ಜೋಪಾನ. ಆಮೇಲೆ ಪಾಡ್ ಇಲ್ಲದೆ ಎರಡು ಸಲ ನೀರು ಓಡಿಸಿ.

ಅಷ್ಟಕ್ಕೂ ಸರಿಹೋಗದಿದ್ದರೆ ಒಳಗೆ ಸುಣ್ಣ ಕಟ್ಟಿರಬಹುದು. ತಯಾರಕರು ಹೇಳಿದ ಡಿಸ್ಕೇಲಿಂಗ್ (ಸುಣ್ಣ ಕರಗಿಸುವ) ದ್ರಾವಣ ಬಳಸುವುದು ಒಳ್ಳೆಯದು. ಕೈಪಿಡಿ ಒಪ್ಪಿದರೆ ಲೀಟರ್ ನೀರಿಗೆ 20 ಗ್ರಾಂ ಸಿಟ್ರಿಕ್ ಆಸಿಡ್ ಪೂರ್ತಿ ಕರಗಿಸಿ ಟ್ಯಾಂಕಿಗೆ ಹಾಕಿ. ಅರ್ಧ ಓಡಿಸಿ, 20 ನಿಮಿಷ ನಿಲ್ಲಿಸಿ, ಉಳಿದರ್ಧ ಓಡಿಸಿ. ಬಳಿಕ ಎರಡು ಟ್ಯಾಂಕ್ ಶುದ್ಧ ನೀರು ಹಾಯಿಸಿ. ಕೊನೆಯ ನೀರನ್ನು ನಾಲಿಗೆಗೆ ಮುಟ್ಟಿಸಿ ನೋಡಿ, ಹುಳಿ ಇದ್ದರೆ ಇನ್ನೊಂದು ಟ್ಯಾಂಕ್. ವಿನೆಗರ್ ನಮಗೆ ಒಪ್ಪಿಗೆಯಿಲ್ಲ: ವಾಸನೆ ಬಹಳ ಕಪ್‌ಗಳವರೆಗೆ ಹೋಗುವುದಿಲ್ಲ, ರಬ್ಬರ್ ಭಾಗಗಳಿಗೂ ಒಳ್ಳೆಯದಲ್ಲ. ಗಡಸು ನೀರಿರುವವರು ಎರಡು-ಮೂರು ತಿಂಗಳಿಗೊಮ್ಮೆ ಇಷ್ಟು ಮಾಡಬೇಕು. ಸುಣ್ಣ ಹೆಚ್ಚಿದಷ್ಟೂ ನೀರಿಗೆ ಬಿಸಿ ಸರಿಯಾಗಿ ತಾಗುವುದಿಲ್ಲ, ಹಾಗಾಗಿ ರುಚಿಯೂ ಕೆಡುತ್ತದೆ.

ಪ್ರಶ್ನೆ: ಹಾಲು ಹಾಕಿದರೆ ಕಾಫಿಯ ರುಚಿಯೇ ತಿಳಿಯುವುದಿಲ್ಲ.

ಉತ್ತರ: ಅತಿ ಚಿಕ್ಕ ಅಳತೆ, 'ಸ್ಟ್ರಾಂಗ್' ಗುಂಡಿ, ಕಡು ಹುರಿದ ಪಾಡ್. ಹಾಲನ್ನು ಬೇರೆ ಪಾತ್ರೆಯಲ್ಲಿ 60–65 ಡಿಗ್ರಿಗೆ ಕಾಯಿಸಿ, ಕಾಫಿಯ ಮೂರನೇ ಒಂದು ಪಾಲಿನಿಂದ ಶುರು ಮಾಡಿ ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ಹೋಗಿ. ನೀರಿನ ಟ್ಯಾಂಕಿಗೆ ಮಾತ್ರ ಹಾಲು ಯಾವತ್ತೂ ಬೇಡ. ಒಳಗಿನ ಕೊಳವೆಯಲ್ಲಿ ಹಾಲು ಸೀದು ಹಿಡಿದರೆ ಬಿಡಿಸುವುದು ಬಹಳ ಕಷ್ಟ.