14 ತಿಂಗಳ ಬಾಡಿಗೆ ಬಾಕಿ: ಮಳಿಗೆಗೆ ನಾನೇ ಬೀಗ ಹಾಕಬಹುದೇ?

ಪ್ರಶ್ನೆ: ಕಲಬುರಗಿಯ ನೆಹರೂ ಗಂಜ್ ಹತ್ತಿರ ನಮ್ಮ ತಂದೆ ಕಟ್ಟಿಸಿದ 12x24 ಅಡಿಯ ಮಳಿಗೆಯನ್ನು ಗೋಣಿಚೀಲದ ವ್ಯಾಪಾರಿಯೊಬ್ಬರಿಗೆ ತಿಂಗಳಿಗೆ 18,000 ರೂಪಾಯಿಯಂತೆ ಕೊಟ್ಟಿದ್ದೇನೆ. 11 ತಿಂಗಳ ಕರಾರು ಮುಗಿದು ಎರಡು ವರ್ಷವಾಯಿತು, ಮತ್ತೆ ಬರೆಸಿಲ್ಲ. ಈಗ 14 ತಿಂಗಳಿನಿಂದ ಬಾಡಿಗೆ ಬಂದಿಲ್ಲ. ಕೇಳಿದಾಗಲೆಲ್ಲ ‘ತೊಗರಿ ರಾಶಿ ಆಗಲಿ, ಕೊಡ್ತೀನ್ರೀ’ ಎನ್ನುತ್ತಾರೆ. ರಾಶಿ ಮುಗಿದು ಮತ್ತೊಂದು ಬಿತ್ತನೆಯೂ ಆಯಿತು. ಒಂದು ಲಕ್ಷ ಮುಂಗಡ ನನ್ನಲ್ಲಿದೆ. ನನ್ನದೇ ಬೀಗ ಹಾಕಿಬಿಡಲೇ?

ಉತ್ತರ: ದಯವಿಟ್ಟು ಬೀಗ ಹಾಕಬೇಡಿ, ಕರೆಂಟನ್ನೂ ಕಡಿತಗೊಳಿಸಬೇಡಿ. ಶಾಂತವಾಗಿ ಸ್ವಾಧೀನದಲ್ಲಿರುವವರನ್ನು, ಅವರಿಗೆ ಅಲ್ಲಿರುವ ಹಕ್ಕು ಮುಗಿದಿದ್ದರೂ, ಕಾನೂನಿನ ಮೂಲಕವಲ್ಲದೆ ಹೊರಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲಿ ಕೃಷ್ಣರಾಮ ಮಹಾಲೆ ಪ್ರಕರಣದಲ್ಲಿ ಹೇಳಿದೆ. ನೀವು ಬೀಗ ಹಾಕಿದರೆ, ಅವರು ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು. ಆ ದಾವೆಯಲ್ಲಿ ಮಾಲೀಕರು ಯಾರೆಂಬುದು ವಿಚಾರಣೆಗೇ ಬರುವುದಿಲ್ಲ. ಹಣ ಕಳೆದುಕೊಂಡವರು ನೀವು, ಕಟಕಟೆಯಲ್ಲಿ ನಿಲ್ಲುವವರೂ ನೀವೇ ಆಗುವುದು ನನಗೆ ಇಷ್ಟವಿಲ್ಲ.

ಮೊದಲು ಮಳಿಗೆಯನ್ನು ಅಳೆಯಿರಿ. ಕರ್ನಾಟಕ ಬಾಡಿಗೆ ಕಾಯ್ದೆ, 1999 ವ್ಯಾಪಾರದ ಜಾಗಗಳ ಪೈಕಿ 14 ಚದರ ಮೀಟರ್ ಮೀರದವುಗಳಿಗೆ, ಅಂದರೆ ಸುಮಾರು 150 ಚದರ ಅಡಿಯೊಳಗಿನವುಗಳಿಗೆ, ಮಾತ್ರ ರಕ್ಷಣೆ ಕೊಡುತ್ತದೆ. ಅಂಥ ಪುಟ್ಟ ಅಂಗಡಿಯಾಗಿದ್ದರೆ ಬಾಕಿ ಕೇಳಿ ನೋಟಿಸು ಕೊಟ್ಟು ಎರಡು ತಿಂಗಳು ಕಾಯಬೇಕಿತ್ತು. ನಿಮ್ಮದು 288 ಚದರ ಅಡಿ. ಆದ್ದರಿಂದ ಅನ್ವಯಿಸುವುದು ಆಸ್ತಿ ವರ್ಗಾವಣೆ ಕಾಯ್ದೆ, 1882.

ಕರಾರು ಮುಗಿದ ಮೇಲೂ ಹತ್ತು ತಿಂಗಳು ಬಾಡಿಗೆ ಪಡೆದಿದ್ದೀರಿ. ಹೀಗಾಗಿ ಈ ಬಾಡಿಗೆ ತಿಂಗಳಿಂದ ತಿಂಗಳಿಗೆ ಸಾಗುತ್ತಿರುವ ಬಾಡಿಗೆಯಾಗಿದ್ದು, 106ನೇ ಕಲಮಿನಂತೆ 15 ದಿನಗಳ ಲಿಖಿತ ನೋಟಿಸಿನಿಂದ ಕೊನೆಗೊಳ್ಳುತ್ತದೆ. ಈ 15 ದಿನಗಳನ್ನು ನೋಟಿಸು ಅವರ ಕೈಸೇರಿದ ದಿನದಿಂದ ಎಣಿಸಬೇಕು. (ಬೇಳೆ ಗಿರಣಿಯಂಥ ಉತ್ಪಾದನೆಗೆ ಕೊಟ್ಟ ಜಾಗವಾಗಿದ್ದರೆ ಆರು ತಿಂಗಳ ನೋಟಿಸು ಬೇಕೆಂಬ ವಾದ ಎದುರಾಗುತ್ತಿತ್ತು.)

ನೋಟಿಸಿನ ಒಕ್ಕಣೆಯಲ್ಲಿಯೇ ಅನೇಕ ಮಾಲೀಕರು ಎಡವುತ್ತಾರೆ. ‘ಬಾಡಿಗೆ ಕೊಡದೆ ಕರಾರು ಮುರಿದಿದ್ದೀರಿ, ಆದ್ದರಿಂದ ಹಕ್ಕು ಕಳೆದುಕೊಂಡಿದ್ದೀರಿ’ ಎಂಬುದೊಂದನ್ನೇ ಆಧಾರ ಮಾಡಿಕೊಂಡರೆ, ಬಾಡಿಗೆದಾರರು 114ನೇ ಕಲಮಿನಡಿ ಬಾಕಿ, ಬಡ್ಡಿ ಮತ್ತು ಖರ್ಚನ್ನು ವಿಚಾರಣೆಯ ವೇಳೆ ಕಟ್ಟಿ, ತಮ್ಮನ್ನು ಮುಂದುವರಿಸಬೇಕೆಂದು ನ್ಯಾಯಾಲಯವನ್ನು ಕೋರಬಹುದು. 106ರ ಮೇಲೆ ನಿಂತ ನೋಟಿಸಿನ ಎದುರು ಅವರಿಗೆ ಆ ಅನುಕೂಲ ಸಿಗುವುದಿಲ್ಲ. ಆದ್ದರಿಂದ ಬಾಡಿಗೆ ಸಂಬಂಧವನ್ನು 106ರಂತೆ ಕೊನೆಗೊಳಿಸಿರುವುದಾಗಿ ಸ್ಪಷ್ಟವಾಗಿ ಬರೆಸಿ, ಬಾಕಿ 2,52,000 ರೂಪಾಯಿಯನ್ನು ಬೇರೆಯಾಗಿ ಕೇಳಿ. ಲಕೋಟೆ ‘ನಿರಾಕರಿಸಿದ್ದಾರೆ’ ಎಂಬ ಷರಾದೊಂದಿಗೆ ಮರಳಿದರೆ ಅದನ್ನು ಒಡೆಯದೆ ಹಾಗೆಯೇ ಇಡಿ. ಸರಿಯಾದ ವಿಳಾಸಕ್ಕೆ ಕಳಿಸಿದ್ದರೆ ಆ ಷರಾವೇ ಜಾರಿಯಾದುದಕ್ಕೆ ಸಾಕ್ಷಿಯಾಗುತ್ತದೆ.

ನೋಟಿಸಿನ ನಂತರ ಅವರು ಹಣ ತಂದುಕೊಟ್ಟರೆ, ‘ಹಳೆಯ ಬಾಕಿಯ ಬಾಬ್ತು, ನೋಟಿಸಿನ ಹಕ್ಕಿಗೆ ಬಾಧೆಯಿಲ್ಲದೆ’ ಎಂದು ರಸೀದಿಯಲ್ಲಿ ಬರೆದೇ ಪಡೆಯಿರಿ. ಸುಮ್ಮನೆ ‘ಬಾಡಿಗೆ ಮುಟ್ಟಿದೆ’ ಎಂದು ಸಹಿ ಹಾಕಿದರೆ, ನೋಟಿಸನ್ನು ನೀವೇ ಕೈಬಿಟ್ಟಿರಿ ಎಂಬ ವಾದಕ್ಕೆ 113ನೇ ಕಲಮು ದಾರಿ ಮಾಡಿಕೊಡುತ್ತದೆ.

15 ದಿನ ಕಳೆದರೂ ಬಿಡದಿದ್ದರೆ ಸ್ವಾಧೀನಕ್ಕೂ ಬಾಕಿಗೂ ಒಂದೇ ದಾವೆ ಹೂಡಿ. ನೋಟಿಸಿನ ಅವಧಿ ಮುಗಿದಂದಿನಿಂದ ಬಿಟ್ಟುಕೊಡುವವರೆಗಿನ ಬಳಕೆಗೆ ಇಂದಿನ ಪೇಟೆದರದಲ್ಲಿ ನಷ್ಟ ಪರಿಹಾರವನ್ನೂ ಅದರಲ್ಲಿ ಕೇಳಬಹುದು. ಪಕ್ಕದ ಮಳಿಗೆಗಳ ಈಗಿನ ಬಾಡಿಗೆಯ ಕರಾರುಗಳು ಇದಕ್ಕೆ ಒಳ್ಳೆಯ ಪುರಾವೆ. ಮುಂಗಡ ಕಳೆದರೂ 1,52,000 ಉಳಿಯುತ್ತದೆ. ಪ್ರತಿ ತಿಂಗಳ ಬಾಡಿಗೆಗೂ ಅದು ಬರಬೇಕಾದ ದಿನದಿಂದ ಮೂರು ವರ್ಷಗಳ ಕಾಲಮಿತಿ ಇರುವುದರಿಂದ ಇನ್ನೊಂದು ರಾಶಿಯವರೆಗೆ ಮುಂದೂಡಬೇಡಿ.

ವ್ಯಾಪಾರಿಗೆ ನಿಜಕ್ಕೂ ಕೈ ಕಟ್ಟಿದ್ದರೆ ಲೋಕ ಅದಾಲತ್ತಿನಲ್ಲಿ ರಾಜಿಯಾಗುವುದನ್ನು ನಾನು ಮನಸಾರೆ ಒಪ್ಪುತ್ತೇನೆ. ಅಲ್ಲಿನ ತೀರ್ಪು ಸಿವಿಲ್ ನ್ಯಾಯಾಲಯದ ಡಿಕ್ರಿಗೆ (ಜಾರಿಗೆ ತರಬಹುದಾದ ತೀರ್ಮಾನಕ್ಕೆ) ಸಮ, ಅದರ ಮೇಲೆ ಅಪೀಲಿಲ್ಲ. ಆದರೆ ಮಳಿಗೆ ಖಾಲಿ ಮಾಡುವ ತಾರೀಖು, ಕಂತುಗಳ ಮೊತ್ತ ಮತ್ತು ಒಂದು ಕಂತು ತಪ್ಪಿದರೂ ಪೂರ್ತಿ ಬಾಕಿ ವಸೂಲಿಗೆ ಬರುತ್ತದೆಂಬ ಷರತ್ತು, ಈ ಮೂರನ್ನೂ ಬರೆಸದೆ ಸಹಿ ಹಾಕಬೇಡಿ.