ತಂದೆಯವರ ಏದುಸಿರು ಮತ್ತು ಶ್ವಾಸಕೋಶದ ಕಲೆ
ತಂದೆಯವರು 2021ರಲ್ಲಿ ಕೋವಿಡ್‌ನಿಂದ 12 ದಿನ ವೆಂಟಿಲೇಟರ್‌ನಲ್ಲಿದ್ದರು, 66ರ ವಯಸ್ಸಲ್ಲಿ ಈಗಲೂ ಮೆಟ್ಟಿಲು ಹತ್ತಿದರೆ ಏದುಸಿರು, ಕಲೆ ಉಳಿದಿರಬಹುದಾ ಅಂತ ಕೇಳಿದ್ದೀರಿ. ಉಳಿದಿರಬಹುದು. ವಯಸ್ಸು ಒಂದು ಕಾರಣ. ಅದಕ್ಕಿಂತ, ಕಾಯಿಲೆ ಎಷ್ಟು ಜೋರಾಗಿತ್ತು, ವೆಂಟಿಲೇಟರ್ ಎಷ್ಟು ದಿನ ಬೇಕಾಯಿತು ಅನ್ನೋದನ್ನ ನೋಡಬೇಕು. ಶ್ವಾಸಕೋಶದ ಗಾಳಿಚೀಲಗಳ ಒಳಪದರ ಹಾಳಾದಾಗ ದೇಹ ಅಲ್ಲಿ ನಾರು ತುಂಬಿ ತೇಪೆ ಹಾಕುತ್ತದೆ. ತೇಪೆ ಹಾಕಿದ ಜಾಗ ಮೊದಲಿನಂತೆ ಹಿಗ್ಗಲ್ಲ ಅಲ್ವಾ, ಹಾಗೆ. ಬೀಡಿ, ಸಿಗರೇಟು ಸೇದುತ್ತಿದ್ದರೆ, ಮೊದಲೇ ಶ್ವಾಸಕೋಶದ ಕಾಯಿಲೆ ಇದ್ದರೆ ಅಪಾಯ ಜಾಸ್ತಿ.

ಹಳೆಯ ಸ್ಕ್ಯಾನ್ ನೋಡಿ ಸುಮ್ನೆ ಹೆದರಬೇಡಿ. ಆಗ ಕಂಡ ಮಬ್ಬು ಎಷ್ಟೋ ಜನರಲ್ಲಿ ವರ್ಷದೊಳಗೆ ತಿಳಿಯಾಗಿದೆ. ಶ್ವಾಸಕೋಶ ತಜ್ಞರ ಹತ್ತಿರ ಹೋಗಿ, ಹೊಸ ಸಿಟಿ ಸ್ಕ್ಯಾನ್, ಆರು ನಿಮಿಷದ ನಡಿಗೆ ಪರೀಕ್ಷೆ ಬಗ್ಗೆ ಕೇಳಿ. ಕೂತಾಗ ಆಕ್ಸಿಮೀಟರ್ 97 ತೋರಿಸಿ, ನಡೆದ ಮೇಲೆ 90ಕ್ಕಿಂತ ಕೆಳಗಿಳಿದರೆ ತಡ ಮಾಡಬೇಡಿ. ಹೃದಯವನ್ನೂ ನೋಡಿಸಿ, ಏದುಸಿರು ಅಲ್ಲಿಂದಲೂ ಬರುತ್ತದೆ.