ದೇವರ ಮನೆಯ ಮೇಲೊಂದು ಬಾತ್‌ರೂಮ್

ಪ್ರಶ್ನೆ: ಕನಕಪುರ ರಸ್ತೆಯಲ್ಲಿ ನಮ್ಮದೊಂದು ಮೂರು ಬೆಡ್‌ರೂಮಿನ ಫ್ಲ್ಯಾಟ್ ಇದೆ. 1,350 ಚದರಡಿ, 2013ರಲ್ಲಿ ಕೊಂಡಿದ್ದು. ಮಕ್ಕಳು ಹೊರಟ ಮೇಲೆ, ಆರು ವರ್ಷದ ಹಿಂದೆ, 22 ಲಕ್ಷ ಹಾಕಿ ನಮಗೆ ಬೇಕಾದ ಹಾಗೆ ಮಾಡಿಸಿಕೊಂಡೆವು. ಹಾಲ್ ಪಕ್ಕದ ರೂಮಿನ ಗೋಡೆ ತೆಗೆಸಿ ನನ್ನ ವೀಣೆ ಪಾಠಕ್ಕೆ ಮರದ ಜಗಲಿ. ಕಾಮನ್ ಬಾತ್‌ರೂಮ್ ತೆಗೆಸಿ ದೇವರ ಮನೆ. ಅಡುಗೆಮನೆಗೆ ಗಿಳಿಹಸಿರು ಕಪಾಟು. ಈಗ ಮೈಸೂರಿನಲ್ಲಿರುವ ಮಗಳ ಹತ್ತಿರ ಹೋಗಬೇಕು. 1.40 ಕೋಟಿ ಹೇಳಿ ಐದು ತಿಂಗಳಾಯಿತು. ಬಂದವರು ‘ತುಂಬಾ ಚೆನ್ನಾಗಿದೆ ಆಂಟಿ’ ಅಂತ ಕಾಫಿ ಕುಡಿದು ಹೋಗುತ್ತಾರೆ, ಆಮೇಲೆ ಫೋನೇ ಇಲ್ಲ. ಹೋದ ವರ್ಷ ನಮ್ಮದೇ ಬ್ಲಾಕಿನಲ್ಲಿ ಇಷ್ಟೇ ಅಳತೆಯ ಎರಡು ಫ್ಲ್ಯಾಟ್ 1.10ಕ್ಕೂ 1.13ಕ್ಕೂ ಹೋದವು. ಅವುಗಳಲ್ಲಿ ಬಿಲ್ಡರ್ ಹಾಕಿದ್ದು ಬಿಟ್ಟರೆ ಏನೂ ಇಲ್ಲ. ನಾವು ಖರ್ಚು ಸೇರಿಸಿ ಕೇಳಿದ್ದು ತಪ್ಪಾ?
– ಹೆಸರು ಬೇಡ, ಬೆಂಗಳೂರು

ಉತ್ತರ: ‘ಚೆನ್ನಾಗಿದೆ ಆಂಟಿ’ ಅಂದವರು ಸುಳ್ಳು ಹೇಳಿಲ್ಲ ಅಮ್ಮ. ಮನೆ ಚೆನ್ನಾಗಿಯೇ ಇದೆ, ಆದರೆ ನಿಮಗೆ.

ಬ್ಯಾಂಕ್ ಸಾಲಕ್ಕೆ ಮನೆ ಅಳೆದು ಬೆಲೆ ಕಟ್ಟುವುದು ನನ್ನ ಕೆಲಸವಾಗಿತ್ತು. ನಾನು ತುಂಬುತ್ತಿದ್ದ ಫಾರಮ್ಮಿನಲ್ಲಿ ಅಳತೆ, ಮಹಡಿ, ಕಟ್ಟಡದ ವಯಸ್ಸು, ಅಕ್ಕಪಕ್ಕದ ದರ, ಎಲ್ಲಕ್ಕೂ ಜಾಗ ಇತ್ತು. ಗಿಳಿಹಸಿರಿಗೆ ಇರಲಿಲ್ಲ. ನಿಮ್ಮ ಫ್ಲ್ಯಾಟಿಗೆ ನಾನು ಹೆಚ್ಚೆಂದರೆ 1.12 ಬರೆಯುತ್ತಿದ್ದೆ. 75 ಲಕ್ಷ ದಾಟಿದ ಸಾಲಕ್ಕೆ ಬ್ಯಾಂಕು ಮನೆ ಬೆಲೆಯ ಮುಕ್ಕಾಲು ಪಾಲಿಗಿಂತ ಜಾಸ್ತಿ ಕೊಡುವಂತಿಲ್ಲ. ಅಂದರೆ 84 ಲಕ್ಷ. ನೀವು ಹೇಳುವ 1.40ಕ್ಕೆ ಕೊಳ್ಳುವವ 56 ಲಕ್ಷ ಕೈಯಿಂದ ಹಾಕಬೇಕು. ಅದರ ಮೇಲೆ ಮುದ್ರಾಂಕ ಶುಲ್ಕ, ಸೆಸ್, 2025ರ ಆಗಸ್ಟ್ ಕೊನೆಯಿಂದ ದುಪ್ಪಟ್ಟಾದ ನೋಂದಣಿ ಶುಲ್ಕ ಎಲ್ಲ ಸೇರಿ ನೂರಕ್ಕೆ ಸುಮಾರು 7.6, ಹತ್ತೂವರೆ ಲಕ್ಷ. ಕಾಫಿ ಕುಡಿಯುವಾಗಲೇ ಅವರು ಮನಸ್ಸಿನಲ್ಲಿ ಈ ಲೆಕ್ಕ ಹಾಕಿ ಮುಗಿಸಿರುತ್ತಾರೆ.

ನಿಜವಾದ ತೊಡಕು ದೇವರ ಮನೆ. ಅಪಾರ್ಟ್‌ಮೆಂಟಿನಲ್ಲಿ ಸಾಮಾನ್ಯವಾಗಿ ಒಂದರ ಮೇಲೊಂದು ಬಾತ್‌ರೂಮ್ ಬರುತ್ತದೆ. ನಿಮ್ಮ ದೇವರ ನೆತ್ತಿಯ ಮೇಲೆ ಮೇಲಿನ ಮನೆಯವರದ್ದು ಇದ್ದೇ ಇರುತ್ತದೆ. ಒಮ್ಮೆ ಇಂಥದೇ ಮನೆ ಅಳೆಯಲು ಹೋಗಿದ್ದೆ. ಟೇಪು ಹಿಡಿದು ದೇವರ ಫೋಟೋ ಮುಂದೆ ನಿಂತಿದ್ದಾಗ ಗೋಡೆಯೊಳಗಿನ ಪೈಪಿನಲ್ಲಿ ಮೇಲಿನವರು ಫ್ಲಶ್ ಮಾಡಿದ ಸದ್ದು ಝಳ್ ಅಂತ ಇಳಿಯಿತು. ಮನೆಯಾಕೆ ತಕ್ಷಣ ಗಂಟೆ ಬಾರಿಸತೊಡಗಿದರು. ನನಗೆ ವಾಸ್ತುವಿನಲ್ಲಿ ನಂಬಿಕೆ ಇಲ್ಲ. ಆದರೆ ಮನೆ ನೋಡಲು ಬರುವವರ ಜೊತೆ ಒಬ್ಬ ಅತ್ತೆಯೋ ಮಾವನೋ ಇರುತ್ತಾರೆ. ಅವರು ಮೊದಲು ತಲೆ ಎತ್ತಿ ನೋಡುತ್ತಾರೆ. ಅದು ಬಿಡಿ, ಈಗ ನಿಮ್ಮ ಮನೆಗೆ ಬಂದ ನೆಂಟರು ಬೆಡ್‌ರೂಮ್ ದಾಟಿಯೇ ಬಾತ್‌ರೂಮಿಗೆ ಹೋಗಬೇಕು, ಅಲ್ವಾ? ಕಾಗದದಲ್ಲಿ ಮೂರು ರೂಮಿನ ಮನೆ, ಒಳಗೆ ಎರಡೇ.

ಹಾಗಾಗಿ 22 ಸೇರಿಸುವುದಲ್ಲ, ಮೊದಲಿನಂತೆ ಮಾಡುವ ಖರ್ಚು ಕಳೆಯಬೇಕು. ಬಾತ್‌ರೂಮಿನ ಪೈಪುಗಳು ಮುಚ್ಚಿದ್ದರೂ ಡಕ್ಟಿನಲ್ಲಿ ಇರಲೇಬೇಕು. ವಾಟರ್‌ಪ್ರೂಫಿಂಗ್, ಟೈಲ್ಸ್, ಒಂದು ಬ್ಲಾಕ್ ಗೋಡೆ, ಬಾಗಿಲು ಸೇರಿ ಮೂರೂವರೆ ಲಕ್ಷ ಅಂತ ನನ್ನ ಅಂದಾಜು. ಇಬ್ಬರ ಹತ್ತಿರ ಕೊಟೇಶನ್ ತೆಗೆದುಕೊಳ್ಳಿ. ನೀವೇ ಮಾಡಿಸಿ 1.16 ಹೇಳಿ, 1.12ಕ್ಕೆ ಬಿಡಿ. ಮಾಡಿಸದೆ ಕೊಟ್ಟರೆ 1.05 ಬಂದರೂ ಅದೃಷ್ಟ. ಮೂರೂವರೆ ಲಕ್ಷದ ಕೆಲಸಕ್ಕೆ ಕೊಳ್ಳುವವ ಏಳೆಂಟು ಲಕ್ಷ ಮುರಿಯುತ್ತಾನೆ. ಧೂಳು, ಮೇಸ್ತ್ರಿಯ ಹಿಂದೆ ಓಡಾಟ, ಎಲ್ಲಕ್ಕೂ ಅವನು ಬೆಲೆ ಕಟ್ಟುತ್ತಾನೆ. ಗೋಡೆ ತೆಗೆಸುವಾಗ ಅಸೋಸಿಯೇಷನ್ ಕೊಟ್ಟ ಒಪ್ಪಿಗೆ ಪತ್ರ ಇದ್ದರೆ ಹುಡುಕಿಡಿ, ಕೊಳ್ಳುವವರ ವಕೀಲರು ಕೇಳಬಹುದು.

ಗಿಳಿಹಸಿರು ಕಪಾಟು ಮುಟ್ಟಬೇಡಿ. ಸುಮ್ನೆ ಖರ್ಚು. ಬಣ್ಣ ಇಷ್ಟವಾಗದವರು ಬಾಗಿಲು ಮಾತ್ರ ಬದಲಿಸಿಕೊಳ್ಳುತ್ತಾರೆ.

22 ಲಕ್ಷಕ್ಕೆ ಲೆಕ್ಕ ಸಿಗುವ ಜಾಗ ಒಂದಿದೆ: ಆದಾಯ ತೆರಿಗೆ. ಮನೆಗೇ ಸೇರಿಹೋದ ಕೆಲಸದ ಖರ್ಚನ್ನು ಮಾರಾಟದ ಲಾಭದಿಂದ ಕಳೆಯಬಹುದು. ಸೋಫಾ, ಫ್ರಿಜ್ ಸೇರುವುದಿಲ್ಲ. 2024ರ ಜುಲೈ 23ಕ್ಕೆ ಮೊದಲು ಕೊಂಡ ಮನೆ ಆದ್ದರಿಂದ ನೂರಕ್ಕೆ 12.5 ತೆರಿಗೆಯೋ, ಹಣದುಬ್ಬರ ಲೆಕ್ಕ ಹಿಡಿದು 20 ತೆರಿಗೆಯೋ, ಯಾವುದು ಕಡಿಮೆ ಅಂತ ಆಡಿಟರ್ ನೋಡಲಿ. ಬಿಲ್ಲುಗಳನ್ನು ಹುಡುಕಿ ಕೊಡುವುದು ನಿಮ್ಮ ಕೆಲಸ.

ಜಗಲಿಯನ್ನು ಬಡಗಿಯಿಂದ ಬಿಚ್ಚಿಸಿ ಮೈಸೂರಿಗೆ ಒಯ್ಯಿರಿ. ಬಿಚ್ಚುವ ದಿನ ಪಕ್ಕದಲ್ಲೇ ನಿಂತಿರಿ. ಕೆಳಗಿರುವ ಟೈಲ್ಸ್ ಒಡೆದರೆ, 2013ರ ಡಿಸೈನ್ ಈಗ ಯಾವ ಅಂಗಡಿಯಲ್ಲಿ ಹುಡುಕುತ್ತೀರಿ?